ಕೋಳಿ ಮಂಕಾದರೆ ಮೊದಲು ಕುತ್ತಿಗೆ ಮುಟ್ಟಿ ನೋಡು

ಕೋಳಿ ಮೂಲೆ ಬಿಟ್ಟು ಏಳ್ತಿಲ್ಲ, ಗರಿ ಉಬ್ಬಿಸಿಕೊಂಡು ತೂಕಡಿಸ್ತಿದೆ ಅಂತ ಮೆಡಿಕಲ್ ಶಾಪಿಗೆ ಹೊರಟಿದ್ದೀಯ. ಸ್ವಲ್ಪ ನಿಲ್ಲಪ್ಪ. ಯಾರೋ ಹೇಳಿದ ಕ್ಯಾಪ್ಸೂಲು ಬಿಚ್ಚಿ ನೀರಿಗೆ ಬೆರೆಸೋದು ನಮ್ಮ ಬೆಂಗಳೂರಿನ ಸರಕ್ಕಿ, ಪುಟ್ಟೇನಹಳ್ಳಿ ಕಡೆ ಹಳೇ ಚಾಳಿ. ಕಾಯಿಲೆ ಏನು ಅಂತ ತಿಳಿಯದೆ ಕೊಟ್ಟರೆ ವಾಸಿಯಾಗೋದು ಅನುಮಾನ, ಔಷಧಿ ಮಾತ್ರ ಮೊಟ್ಟೆ ಮೂಲಕ ನಿನ್ನ ಮಕ್ಕಳ ತಟ್ಟೆಗೆ ಬರುತ್ತೆ.

ಕೋಳಿ ತನ್ನ ಕಾಯಿಲೆ ಮುಚ್ಚಿಡೋ ಜೀವ. ಸೋತದ್ದನ್ನು ತೋರಿಸಿಕೊಂಡರೆ ಜೊತೆಯವೇ ಕುಕ್ಕುತ್ತವೆ. ನಿನ್ನ ಕಣ್ಣಿಗೆ ಬೀಳೋ ಹೊತ್ತಿಗೆ ಕಾಯಿಲೆ ಹಳತಾಗಿರುತ್ತೆ. ಅದಕ್ಕೇ ಮೊದಲು ಬೇರೆ ಮಾಡು, ನೆರಳಲ್ಲಿಡು, ನೀರಿಡು. ಆಮೇಲೆ ನೋಡು.

ನಿಜಕ್ಕೂ ಕಾಯಿಲೆಯೋ, ಕಾವಿಗೆ ಕೂತಿದೆಯೋ? ಕಾವಿಗೆ ಕೂತ ಹೇಟೆ ಕಣ್ಣು ಬಿಟ್ಟುಕೊಂಡೇ ಇರುತ್ತೆ, ಕೈ ಹಾಕಿದರೆ ಕುರ್ ಅಂತ ಕುಕ್ಕೋಕೆ ಬರುತ್ತೆ. ಕಾಯಿಲೆ ಕೋಳಿ ಬಾಲ ಇಳಿಬಿಟ್ಟು ಕಣ್ಣು ಮುಚ್ಚಿರುತ್ತೆ, ಎತ್ತಿದರೂ ಕೊಸರಾಡಲ್ಲ. ನಿನ್ನದು ನಾಟಿ ಆದರೆ ಕಾವು ಇರಬಹುದು. ಹೆಬ್ಬಾಳದ ಪಶುವೈದ್ಯ ಕಾಲೇಜಿನವರು ಬೆಳೆಸಿಕೊಟ್ಟ ಗಿರಿರಾಜ ತಳಿ ಕಾವಿಗೆ ಕೂರೋದೇ ಅಪರೂಪ. ಅದು ಸುಮ್ಮನೆ ಕೂತರೆ ಅನುಮಾನಪಡು.

ಈಗ ಕುತ್ತಿಗೆ ಬುಡದ ಕಾಳುಚೀಲ ಮುಟ್ಟು. ಸಂಜೆ ಗೂಡು ಸೇರುವಾಗ ಅದು ತುಂಬಿರಬೇಕು, ಬೆಳಗ್ಗೆ ಮೇವು ಹಾಕೋ ಮುಂಚೆ ಖಾಲಿಯಾಗಿರಬೇಕು. ಬೆಳಗ್ಗೆಯೂ ಗಟ್ಟಿ ಗಂಟು ಸಿಕ್ಕಿದರೆ ಒಳಗೆ ಏನೋ ಸಿಕ್ಕಿಕೊಂಡಿದೆ. ನಮ್ಮ ಬಡಾವಣೆಗಳಲ್ಲಿ ಅದೇನು ಅಂತ ಊಹಿಸೋದು ಕಷ್ಟವಲ್ಲ: ಹೂವಿನ ದಾರ. ಗಾಂಧಿ ಬಜಾರಿನಿಂದ ಮೊಳಗಟ್ಟಲೆ ಹೂವು ತಂದು ದೇವರಿಗೆ ಮುಡಿಸ್ತೀವಿ, ಮಾರನೇ ದಿನ ದಾರದ ಸಮೇತ ಹಿತ್ತಿಲಿಗೆ ಎಸೀತೀವಿ. ಗಣೇಶನ ಹಬ್ಬ ಮುಗಿದ ಮೇಲೆ ಉದ್ದುದ್ದ ಗರಿಕೆ, ಬಾಳೆನಾರು ಬೇರೆ. ಪಕ್ಕದಲ್ಲಿ ಹಳೇ ಮನೆ ಒಡೆದು ಅಪಾರ್ಟ್‌ಮೆಂಟ್ ಏಳ್ತಿದ್ದರೆ ಥರ್ಮೋಕೋಲು, ತಂತಿ ಚೂರು, ಸಣ್ಣ ಮೊಳೆ. ಕೋಳಿಗೆ ಹೊಳೆಯೋದೆಲ್ಲ ಕಾಳೇ. ಗಂಟಿದ್ದರೆ ಮೇವು ನಿಲ್ಲಿಸಿ ಬರೀ ನೀರು ಕೊಡು, ಬೆರಳಲ್ಲಿ ಮೆಲ್ಲಗೆ ನೀವು. ಒಂದು ದಿನದಲ್ಲಿ ಕರಗದಿದ್ದರೆ ಡಾಕ್ಟರ ಹತ್ತಿರ ಹೋಗು, ಚೀಲ ಕುಯ್ದು ತೆಗೀಬೇಕಾಗಬಹುದು. ಬದಲಿಗೆ ಚೀಲ ನೀರು ತುಂಬಿದ ಬಲೂನಿನ ಹಾಗೆ ಮೆತ್ತಗಿದ್ದು ಬಾಯಿ ಹುಳಿ ನಾತ ಹೊಡೆದರೆ ಒಳಗಿನ ಮೇವು ಹುಳಿತಿದೆ. ಹಳಸಿದ ಅನ್ನ ಹಾಕೋದು ಬಿಡು. ತಲೆಕೆಳಗು ಮಾಡಿ ಕಕ್ಕಿಸೋ ಸಾಹಸ ಮಾತ್ರ ಬೇಡ, ಆ ನೀರು ಶ್ವಾಸಕ್ಕೆ ಹೋದರೆ ಕೈಯಲ್ಲೇ ಸಾಯುತ್ತೆ.

ಚೀಲ ಸರಿಯಿದ್ದು, ಕೋಳಿ ಮತ್ತೆ ಮತ್ತೆ ಗೂಡಿಗೆ ಹೋಗಿ ತಿಣುಕಿ ಬರ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿದೆ. ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರಿಟ್ಟು ಹಿಂಭಾಗ ಮುಳುಗೋ ಹಾಗೆ ಹದಿನೈದು ಇಪ್ಪತ್ತು ನಿಮಿಷ ಕೂರಿಸು, ಚೆನ್ನಾಗಿ ಒರೆಸಿ ಬೆಚ್ಚಗಿಡು. ಹೊಟ್ಟೆ ಒತ್ತಬೇಡ, ಮೊಟ್ಟೆ ಒಳಗೇ ಒಡೆದರೆ ಕಷ್ಟ. ಅವತ್ತೇ ಇಡದಿದ್ದರೆ ಡಾಕ್ಟರೇ ಗತಿ. ಬರೀ ಅನ್ನ ತಿಂದ ಕೋಳಿಗೆ ಸುಣ್ಣದಂಶ ಎಲ್ಲಿಂದ ಬರಬೇಕು? ಕಪ್ಪೆಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿ ಇಟ್ಟಿರು.

ಏಪ್ರಿಲ್ ಆದರೆ ಬಿಸಿಲನ್ನೂ ಲೆಕ್ಕಕ್ಕೆ ಹಿಡಿ. ತಂಪು ಬೆಂಗಳೂರು ಅನ್ನೋ ಜಂಬ ಬೇಡ, 2016ರ ಏಪ್ರಿಲ್ 24ರಂದು ಇಲ್ಲೇ 39.2 ಡಿಗ್ರಿ ಆಗಿತ್ತು. ಮಹಡಿ ಮೇಲೆ ಶೀಟು ಹೊದಿಸಿದ ಗೂಡಲ್ಲಿ ಇನ್ನೂ ಜಾಸ್ತಿ. ರೆಕ್ಕೆ ಅಗಲಿಸಿ ಕೊಕ್ಕು ತೆರೆದು ಏದುಸಿರು ಬಿಡ್ತಿದ್ದರೆ ಗೂಡನ್ನು ಮರದ ಕೆಳಗೆ ತಾ. ಜುಟ್ಟು ಬಿಳಿಚಿದ್ದರೆ ರಾತ್ರಿ ಟಾರ್ಚ್ ಹಿಡಿದು ಗೂಡಿನ ಸಂದಿ ನೋಡು, ರಕ್ತ ಹೀರೋ ಕೆಂಪು ನುಸಿ ಹಗಲಲ್ಲಿ ಕಾಣಲ್ಲ.

ಹಸಿರು ಹಿಕ್ಕೆ, ಗೊರಗೊರ ಉಸಿರು, ತಿರುಚಿದ ಕತ್ತು ಕಂಡರೆ ಅದು ಕೊಕ್ಕರೆ ರೋಗ, ರಾಣಿಖೇತ್ ಅಂತಾರಲ್ಲ ಅದೇ, ಇರಬಹುದು. ಅದಕ್ಕೆ ಮದ್ದಿಲ್ಲ, ಲಸಿಕೆ ಮಾತ್ರ. ಮರಿಗೆ ಮೊದಲ ವಾರದಲ್ಲೇ ಹನಿ, ಎಂಟು ವಾರದ ಹೊತ್ತಿಗೆ ಸೂಜಿ. ಈಗಲೇ ಕೇಳಿ ಹಾಕಿಸು.

ಮಂಕಾದ ಕೋಳಿನ ಸಾರಿಗೆ ಹಾಕೋ ಬುದ್ಧಿ ಬೇಡಪ್ಪ. ಈ ಊರಿಗೆ ಹಕ್ಕಿಜ್ವರ ಹೊಸದಲ್ಲ. 2012ರಲ್ಲಿ ಹೆಸರಘಟ್ಟದ ಟರ್ಕಿ ಕೋಳಿಗಳಿಗೆ ಬಂದಿತ್ತು, 2018ರಲ್ಲಿ ದಾಸರಹಳ್ಳಿಯಲ್ಲಿ ಕಾಣಿಸಿತು. ಒಟ್ಟಿಗೆ ಎರಡು ಮೂರು ಸತ್ತರೆ ಕೈ ಹಾಕಬೇಡ, ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಮೊದಲು ತಿಳಿಸು. ಒಂದೇ ಸತ್ತು ಕಾರಣ ತಿಳಿಯದಿದ್ದರೆ, ಕೈಗೆ ಗ್ಲೌಸು, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಐಸ್ ಜೊತೆ ಇಟ್ಟು ಅವತ್ತೇ ಹೆಬ್ಬಾಳದ ಕಾಲೇಜಿಗೆ ಒಯ್ದು ಮರಣೋತ್ತರ ಪರೀಕ್ಷೆ ಮಾಡಿಸು. ಫ್ರೀಜರಿನಲ್ಲಿಟ್ಟು ಕಲ್ಲು ಮಾಡಬೇಡ, ಹೆಪ್ಪುಗಟ್ಟಿದ್ದರಲ್ಲಿ ಅವರಿಗೆ ಸರಿಯಾಗಿ ಏನೂ ಕಾಣಲ್ಲ.