ಕಂಪ್ರೆಸರ್ ಬದಲಿಸಿದರೂ ಏರ್ ಹಿಡಿಯದ ಲಾರಿ

ಲಾರಿಗೆ ಏರ್ ನಿಧಾನಕ್ಕೆ ಹಿಡೀತಿದೆ ಎಂದರೆ ಸಾಕು, ‘ಕಂಪ್ರೆಸರ್ ಹೋಗಿದೆ, ಬದಲಿಸಿ’ ಎನ್ನುವ ಗ್ಯಾರೇಜುಗಳೇ ಹೆಚ್ಚು. ನಮ್ಮ ಗಾಡಿಗೂ ಹಾಗೇ ಹೇಳಿದರು. ಗಾಡಿಯಲ್ಲಿ ಭಾವನವರದು ಅರ್ಧ ಪಾಲು. ದುಡ್ಡು ಅವರ ಕೈಲಿ, ಸ್ಟೀರಿಂಗ್ ನನ್ನ ಕೈಲಿ. ‘ಪೈಪ್ ಒಂದ್ಸಲ ಬಿಚ್ಚಿಸಿ ನೋಡೋಣ ಭಾವ’ ಎಂದೆ. ‘ನೀನು ಓಡಿಸೋದು ನೋಡ್ಕೋ, ಮೇಸ್ತ್ರಿಗಿಂತ ನಿಂಗೆ ಗೊತ್ತಾ?’ ಎಂದರು. ರೀಕಂಡೀಷನ್ ಕಂಪ್ರೆಸರ್ ಬಂದು ಕೂತಿತು. ಸ್ವಲ್ಪ ದಿನ ಪರವಾಗಿಲ್ಲ ಅನ್ನಿಸಿದ್ದೂ ನಿಜ.

ಆಮೇಲೆ ಶಿರಾಡಿ. ಹಾಸನದಿಂದ ಮಂಗಳೂರಿಗೆ ಅಕ್ಕಿ ಲೋಡು, ಸುರಿಯುವ ಮಳೆ. ದೋಣಿಗಾಲ್ ದಾಟುವಾಗ ಮೀಟರಿನ ಎರಡೂ ಮುಳ್ಳು 7 ಕೆಜಿ ಹತ್ತಿರ ಇದ್ದವು. ಎದುರಿಗೆ ಗ್ಯಾಸ್ ಟ್ಯಾಂಕರ್‌ಗಳು ಹತ್ತಿ ಬರುತ್ತಿದ್ದವು, ತಿರುವು ತಿರುವಿಗೂ ಬ್ರೇಕ್ ಮುಟ್ಟಲೇಬೇಕು. ಮುಟ್ಟಿದಾಗ ಇಳಿದ ಮುಳ್ಳು ಮುಂದಿನ ತಿರುವು ಬರುವಷ್ಟರಲ್ಲಿ ಏರಬೇಕಲ್ಲ, ಏರಲಿಲ್ಲ. ಮಾರನಹಳ್ಳಿ ಕಳೆದ ಮೇಲೆ 6, ಆಮೇಲೆ ಐದೂವರೆ. 5ರ ಆಸುಪಾಸಿನಲ್ಲಿ ಕೆಂಪು ದೀಪ ಹತ್ತಿ ಬಝರ್ ಕಿರುಚತೊಡಗಿತು. ಎಕ್ಸಾಸ್ಟ್ ಬ್ರೇಕ್ ಹಾಕಿದೆ. ಅದಕ್ಕೂ ಇದೇ ಏರ್ ಬೇಕು, ಅರೆಬರೆ ಹಿಡಿಯಿತು. ಕ್ಲಚ್ ಬೂಸ್ಟರಿಗೂ ಇದೇ ಏರ್. ಪೆಡಲ್ ತುಳಿಯಲಾಗದಷ್ಟು ಬಿಗಿ. ಮೊದಲೇ ಮೂರನೇ ಗೇರ್‌ಗೆ ಹಾಕಿಕೊಂಡಿದ್ದೆ, ಬಚಾವ್.

ಪಕ್ಕದಲ್ಲಿದ್ದ ಹುಡುಗ ಬಾಗಿಲ ಹಿಡಿಗೆ ಕೈ ಹಾಕಿ ‘ಅಣ್ಣಾ, ಹಾರ್ಲಾ?’ ಅಂದ. ‘ಕೂತ್ಕೊಳ್ಳೋ ಸುಮ್ನೆ’ ಅಂತ ಗದರಿದೆ. ಇಂಥ ಹೊತ್ತಿನಲ್ಲಿ ಕಾಲು ನಮ್ಮ ಮಾತು ಕೇಳುವುದಿಲ್ಲ. ಒತ್ತಿ ಬಿಟ್ಟು, ಒತ್ತಿ ಬಿಟ್ಟು ಪಂಪ್ ಮಾಡಲು ಹೊರಡುತ್ತದೆ. ಬಿಟ್ಟಾಗಲೆಲ್ಲ ಇರುವ ಏರೂ ಬುಸ್ಸೆಂದು ಹೊರಗೆ. ಇಂಜಿನ್ ಹಿಡಿತದ ಮೇಲೇ ಗಾಡಿ ಇಳಿಯಲು ಬಿಟ್ಟು ಜಾಗ ಹುಡುಕಿದೆ. ಹುಡುಕಿದ್ದು ಎಷ್ಟು ಹೊತ್ತೋ ಏನೋ, ಬಝರ್ ಮಾತ್ರ ಈಗಲೂ ಕಿವಿಯಲ್ಲಿದೆ. ಎಡಕ್ಕೆ ಸ್ವಲ್ಪ ಅಗಲ ಕಂಡಿತು. ಅಲ್ಲಿ ಒಂದೇ ಸಲ ಒತ್ತಿದವನು ಗಾಡಿ ನಿಲ್ಲುವ ತನಕ ಕಾಲೆತ್ತಲಿಲ್ಲ. ಮುಂದಿನ ಚಕ್ರ ಚರಂಡಿಗಿಳಿದು, ಹಿಂಬದಿ ಅರ್ಧ ರಸ್ತೆಯಲ್ಲೇ ನಿಂತಿತು. ಹ್ಯಾಂಡ್ ಬ್ರೇಕ್ ಎಳೆದೆ, ಹುಡುಗ ಇಳಿದು ಕಲ್ಲು ಕೊಟ್ಟ. ಇಂಜಿನ್ ಎಷ್ಟು ರೈಸ್ ಮಾಡಿದರೂ ಮುಳ್ಳು ಅಲ್ಲಾಡಲಿಲ್ಲ.

ನೋಡನೋಡುತ್ತ ಎರಡೂ ಕಡೆ ಗಾಡಿಗಳ ಸಾಲು. ಜೀಪಿನಲ್ಲಿ ಬಂದ ಸಾಹೇಬರಿಗೆ ಯಾರೋ ಕಿವಿಯೂದಿದ್ದರು, ಹಿಂದಿನ ಬ್ರೇಕ್ ಚೇಂಬರಿನ ಬೋಲ್ಟ್ ತಿರುಗಿಸಿದರೆ ಚಕ್ರ ಬಿಡುತ್ತದೆ ಅಂತ. ಸುಳ್ಳಲ್ಲ. ಏರ್ ಹೋದಾಗ ಚಕ್ರ ಹಿಡಿಯುವುದು ಆ ಚೇಂಬರಿನೊಳಗಿನ ಸ್ಪ್ರಿಂಗ್. ಬೋಲ್ಟಿನಿಂದ ಅದನ್ನು ಹಿಂದಕ್ಕೆ ಎಳೆದುಕೊಳ್ಳಬಹುದು. ‘ಬಿಚ್ಚಯ್ಯ, ಗುಂಡ್ಯದವರೆಗೆ ನಿಧಾನಕ್ಕೆ ಇಳಿಸ್ಕೊಂಡು ಹೋಗು’ ಎಂದರು. ‘ಸಾರ್, ಈಗ ಗಾಡಿ ಹಿಡಿದಿರೋದೇ ಅದೊಂದು. ಅದನ್ನೂ ಬಿಚ್ಚಿದ್ರೆ ಕೆಳಗೆ ಯಾರು ಹಿಡೀತಾರೆ?’ ಎಂದೆ. ಕೇಸ್ ಹಾಕ್ತೀನಿ ಎಂದರು, ಲೈಸೆನ್ಸ್ ಕಿತ್ತುಕೊಂಡರು, ಹಿಂದೆ ನಿಂತ ಬಸ್ಸಿನವರೂ ಸೇರಿ ಬೈದರು. ನಾನು ಸ್ಪ್ಯಾನರ್ ಮುಟ್ಟಲಿಲ್ಲ. ಇವತ್ತಾದರೂ ಮುಟ್ಟುವುದಿಲ್ಲ.

ಸಕಲೇಶಪುರದಿಂದ ಬಂದ ವಯಸ್ಸಾದ ಮೇಸ್ತ್ರಿ ಕಂಪ್ರೆಸರಿನ ತಂಟೆಗೇ ಹೋಗಲಿಲ್ಲ. ಇಂಜಿನ್ ಆಫ್ ಮಾಡಿಸಿ ಮುಳ್ಳನ್ನೇ ನೋಡುತ್ತ ಬೀಡಿ ಹಚ್ಚಿದರು. ಬೀಡಿ ಮುಗಿದರೂ ಮುಳ್ಳು ಇಳಿಯಲಿಲ್ಲ. ‘ಲೀಕಿಲ್ಲ. ಇರೋ ಏರ್ ಹೋಗ್ತಿಲ್ಲ, ಹೊಸದು ಬರ್ತಿಲ್ಲ’ ಎಂದು, ಕಂಪ್ರೆಸರಿನಿಂದ ಡ್ರೈಯರಿಗೆ ಹೋಗುವ ಪೈಪ್ ಬಿಚ್ಚಿ ಟಾರ್ಚ್ ಬಿಟ್ಟರು. ಕಿರುಬೆರಳು ತೂರಬೇಕಾದ ಪೈಪಿನೊಳಗೆ ಕರಿ ಗಟ್ಟಿಯಾಗಿ ಕಟ್ಟಿ, ನಡುವೆ ಬೆಂಕಿಕಡ್ಡಿ ಹೋಗುವಷ್ಟು ತೂತು ಉಳಿದಿತ್ತು. ಸ್ಕ್ರೂಡ್ರೈವರಿನಿಂದ ಕೆರೆದರೂ ಉದುರದು. ಫೋನಿನಲ್ಲಿ ನಾನು ಹೇಳಿದ್ದನ್ನು ಕೇಳಿಯೇ ಅವರು ಬೇರೆ ಪೈಪ್ ತಂದಿದ್ದರು. ಅದನ್ನು ಕೂರಿಸಿ ಸ್ಟಾರ್ಟ್ ಮಾಡಿದರೆ ಮುಳ್ಳು ಕಣ್ಣೆದುರೇ ಏರಿತು. 8ರ ಹತ್ತಿರ ಡ್ರೈಯರ್ ‘ಠುಸ್’ ಎಂದಿತು.

ಮೂಲ ಇದ್ದದ್ದು ಏರ್ ಫಿಲ್ಟರಿನಲ್ಲಿ. ನಮ್ಮ ಗಾಡಿಯ ಕಂಪ್ರೆಸರ್ ಗಾಳಿ ಎಳೆಯುವುದು ಇಂಜಿನ್ ಫಿಲ್ಟರಿನ ಮೂಲಕವೇ. ಫಿಲ್ಟರ್ ಕಟ್ಟಿದರೆ ರಿಂಗಿನ ಸಂದಿಯಿಂದ ಆಯಿಲ್ ಎಳೆದುಕೊಳ್ಳುತ್ತದೆ. ಆ ಆಯಿಲ್ ಬಿಸಿ ಗಾಳಿಯ ಜೊತೆ ಪೈಪಿಗೆ ಹೋಗಿ ಸುಟ್ಟು ಕರಿಯಾಗುತ್ತದೆ. ಪೈಪ್ ಕಿರಿದಾದಷ್ಟೂ ಕಂಪ್ರೆಸರ್ ಕಾಯುತ್ತದೆ, ಕಾದಷ್ಟೂ ಇನ್ನಷ್ಟು ಆಯಿಲ್ ಉಗುಳುತ್ತದೆ. ನಡುವೆ ಬೇರೆ ಕಂಪ್ರೆಸರ್ ತಂದು ಕೂರಿಸಿದರೆ ಅದರ ಗತಿಯೂ ಅದೇ. ಹೊಸ ಫಿಲ್ಟರ್ ಕೊಡಿಸದೆ ಹಳೆಯದಕ್ಕೇ ಗಾಳಿ ಹೊಡೆಸಿ ಹೊಡೆಸಿ ಹಾಕಿಸುತ್ತಿದ್ದವರು ಯಾರು ಎಂದು ಬರೆಯಬೇಕಾಗಿಲ್ಲ. ಅವರೇ ಈಗ ನೆಂಟರ ಮನೆಯಲ್ಲಿ ‘ಅವನಿಗೆ ಘಾಟಿಯಲ್ಲಿ ಬ್ರೇಕ್ ಹಾಕೋಕೆ ಬರಲ್ಲ’ ಎನ್ನುತ್ತಾರಂತೆ.

ಏರ್ ಹಿಡಿಯಲು ಮಾಮೂಲಿಗಿಂತ ಹೊತ್ತಾದರೆ ಮೊದಲು ಇಂಜಿನ್ ಆಫ್ ಮಾಡಿ ಮುಳ್ಳು ನೋಡಿ. ಇಳಿದರೆ ಸೋಪಿನ ನೀರು ಹಚ್ಚಿ ಲೀಕ್ ಹುಡುಕಿ. ಇಳಿಯದಿದ್ದರೆ ಫಿಲ್ಟರ್, ಪೈಪ್ ನೋಡಿ, ಕಂಪ್ರೆಸರ್ ಆಮೇಲೆ. ಟ್ಯಾಂಕಿನ ನೀರು ಬಿಡುವಾಗ ಆಯಿಲ್ ಬರುತ್ತಿದೆಯಾ ಎಂದು ಬೆರಳಲ್ಲಿ ಮುಟ್ಟಿ ನೋಡಿ. ಕಂಪ್ರೆಸರ್ ಬದಲಿಸಲೇಬೇಕಾಗಿ ಬಂದರೆ ಪೈಪನ್ನೂ ಬದಲಿಸಿ, ರಬ್ಬರ್ ಹೋಸ್ ಸಿಕ್ಕಿಸಲು ಬಿಡಬೇಡಿ, ಆ ಬಿಸಿಗೆ ಅದು ತಡೆಯುವುದಿಲ್ಲ. ಆಯಿಲ್ ಕುಡಿದ ಡ್ರೈಯರ್ ಕಾರ್ಟ್ರಿಡ್ಜ್ ಮತ್ತೆ ನೀರು ಹಿಡಿಯುವುದಿಲ್ಲ, ಅದನ್ನೂ ಹೊಸದು ಹಾಕಿಸಿ. ನಾನು ಹಾಕಿಸಿದೆ, ಆ ಬಿಲ್ಲನ್ನು ಭಾವನವರು ಇನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿಲ್ಲ.