ಶ್ರೀ ಸಮ್ಮೇದಗಿರಿಯ ವಂದನಾಮಾರ್ಗ ಮತ್ತು ಈರ್ಯಾಸಮಿತಿ

ದಿಗಂಬರ ಮುನಿಗಳಿಗೆ ವಾಹನವಿಲ್ಲ, ಸ್ವಂತ ನೆಲೆಯಿಲ್ಲ. ಮಳೆಗಾಲದ ಚಾತುರ್ಮಾಸವೊಂದನ್ನುಳಿದು ವರ್ಷದ ಮಿಕ್ಕ ಕಾಲವೆಲ್ಲ ಪಾದವಿಹಾರವೇ ಅವರ ಜೀವನಕ್ರಮವಾಗಿರುತ್ತದೆ. ಈ ನಡಿಗೆಗೆ ಆಗಮವು ವಿಧಿಸಿದ ನಿಯಮವೇ ಪಂಚಸಮಿತಿಗಳಲ್ಲಿ ಮೊದಲನೆಯದಾದ ಈರ್ಯಾಸಮಿತಿ. ಸೂರ್ಯನ ಬೆಳಕಿನಲ್ಲಿ, ಜನ ಮತ್ತು ದನಗಳು ತುಳಿದು ನಡೆದ ದಾರಿಯಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಯಾವ ಜೀವಿಗೂ ಬಾಧೆಯಾಗದಂತೆ ಹೆಜ್ಜೆಯಿಡಬೇಕು. ರಾತ್ರಿಯ ನಡಿಗೆ ಅವರಿಗೆ ನಿಷಿದ್ಧ. ಇದು ಮುನಿಧರ್ಮವೇ ಆದರೂ ತೀರ್ಥವಂದನೆಗೆ ಹೊರಟ ಶ್ರಾವಕನು ಯಥಾಶಕ್ತಿ ಪಾಲಿಸಲು ಸಮ್ಮೇದಶಿಖರಕ್ಕಿಂತ ಯೋಗ್ಯವಾದ ದಾರಿ ಬೇರೊಂದಿಲ್ಲ.

ಜಾರ್ಖಂಡದ ಗಿರಿಡೀಹ್ ಜಿಲ್ಲೆಯಲ್ಲಿರುವ ಈ ಪರ್ವತವು ಪಾರಸನಾಥ ಬೆಟ್ಟವೆಂದು ಪ್ರಸಿದ್ಧವಾಗಿದೆ. ಎತ್ತರ ಸುಮಾರು 1365 ಮೀಟರ್. ಆದಿನಾಥರು ಕೈಲಾಸದಲ್ಲಿ, ವಾಸುಪೂಜ್ಯರು ಚಂಪಾಪುರಿಯಲ್ಲಿ, ನೇಮಿನಾಥರು ಗಿರನಾರದಲ್ಲಿ, ಮಹಾವೀರರು ಪಾವಾಪುರಿಯಲ್ಲಿ ಮುಕ್ತರಾದರು. ಉಳಿದ 20 ತೀರ್ಥಂಕರರಿಗೂ ಈ ಗಿರಿಯೇ ನಿರ್ವಾಣಭೂಮಿ. ಕೆಳಗಿನ ಮಧುಬನದಿಂದ ಏರಲು 9 ಕಿಲೋಮೀಟರ್, ಶಿಖರಗಳ ಟೋಂಕುಗಳನ್ನು ಸುತ್ತಿ ವಂದಿಸಲು 9, ಇಳಿಯಲು 9, ಹೀಗೆ ಒಟ್ಟು 27 ಕಿಲೋಮೀಟರ್. ಗಂಧರ್ವನಾಲಾ, ಸೀತಾನಾಲಾ ಎಂಬ ತೊರೆಗಳನ್ನು ದಾಟಿ ಮೇಲೇರಿದರೆ ತೀರ್ಥಂಕರರ ಕೂಟಗಳಲ್ಲಿ ಮೊದಲು ದೊರೆಯುವುದು ಕುಂಥುನಾಥರ ಜ್ಞಾನಧರಕೂಟ. ಚಂದ್ರಪ್ರಭರ ಲಲಿತಕೂಟವು ಮಾತ್ರ ಉಳಿದವುಗಳಿಂದ ದೂರ ಸರಿದು ನಿಂತಿದೆ. ದಣಿದವರು ಅಲ್ಲಿಗೆ ದೂರದಿಂದಲೇ ಕೈಮುಗಿದು ಬಿಡುವುದುಂಟು. ಅದು ಸಲ್ಲದು. ಟೋಂಕುಗಳಲ್ಲಿ ವಂದಿಸುವುದು ಚರಣಪಾದುಕೆಗಳನ್ನು. ಕಡೆಗೆ, ಎಲ್ಲಕ್ಕಿಂತ ಎತ್ತರದಲ್ಲಿ, ಪಾರ್ಶ್ವನಾಥರ ಸ್ವರ್ಣಭದ್ರಕೂಟ.

ಯಾತ್ರಿಕರು ಸಾಮಾನ್ಯವಾಗಿ ಸ್ನಾನ ಮಾಡಿ, ಶುದ್ಧವಸ್ತ್ರ ಧರಿಸಿ, ಬರಿಗಾಲಿನಲ್ಲಿ ರಾತ್ರಿ ಎರಡು-ಮೂರು ಗಂಟೆಗೇ ಹೊರಡುತ್ತಾರೆ. ಇಲ್ಲಿ ಒಂದು ಶಂಕೆ ಹುಟ್ಟುತ್ತದೆ. ಕತ್ತಲೆಯಲ್ಲಿ ನಾಲ್ಕು ಮೊಳ ನೆಲ ಕಾಣುವುದಾದರೂ ಹೇಗೆ? ಮುನಿಗಳು ಬೆಳಕು ಹರಿದ ಮೇಲೆಯೇ ಏರುವರು. ಶ್ರಾವಕರ ಅಡಚಣೆ ಬೇರೆ: ಬಿಸಿಲಿಗೆ ಮೊದಲು ಏರಬೇಕು, ಪರ್ವತದ ಮೇಲೆ ಆಹಾರ ಸೇವಿಸಬಾರದೆಂಬ ನಿಯಮವುಳ್ಳವರು ಸೂರ್ಯಾಸ್ತಕ್ಕೆ ಮೊದಲು ಕೆಳಗಿಳಿದು ಊಟ ಮಾಡಬೇಕು. ಕಾಲಿನಲ್ಲಿ ಕಸುವುಳ್ಳ ತರುಣರು ಬೆಳಕು ಕಂಡೇ ಹೊರಡುವುದು ಲೇಸು. ವೃದ್ಧರು ಬೇಗ ಹೊರಟರೆ ಬ್ಯಾಟರಿಯ ಬೆಳಕನ್ನು ಕಾಲಬುಡಕ್ಕೆ ಹಿಡಿಯಲಿ. ಮರಗಳ ಮೇಲೆ ಬೀಸಿ ಹಕ್ಕಿಗಳ ನಿದ್ದೆ ಕೆಡಿಸುವುದು ಬೇಡ.

ನಡೆಯಲಾರದವರಿಗೆ ಡೋಲಿಯುಂಟು. ಅದರಲ್ಲಿ ಕುಳಿತರೆ ಪುಣ್ಯ ಕಡಿಮೆಯೆಂದು ಸಂಕೋಚಪಟ್ಟು ಅರ್ಧ ಬೆಟ್ಟದಲ್ಲಿ ಕುಸಿದು ಜೊತೆಯವರನ್ನೂ ಕಂಗೆಡಿಸುವವರಿದ್ದಾರೆ. ಇನ್ನು ಕೆಲವರು ಡೋಲಿಯವರೊಡನೆ ಐವತ್ತು ರೂಪಾಯಿಗಾಗಿ ಅರ್ಧ ಗಂಟೆ ಚೌಕಾಶಿ ಮಾಡುತ್ತಾರೆ. ಪೇಟೆಯಲ್ಲಿ ಅದು ವ್ಯವಹಾರ. ತನ್ನ ದೇಹದ ಭಾರವನ್ನೇ ಮತ್ತೊಬ್ಬನ ಹೆಗಲಿಗೆ ಏರಿಸುವಲ್ಲಿ ಅದು ಶೋಭಿಸದು.

ಹೆಗಲಿನ ಮಾತು ಬಂದಾಗ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರ ಸ್ಮರಣೆಯಾಗದಿರದು. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಪಾಟೀಲ ಮನೆತನದ ಸಾತಗೌಡರಾಗಿದ್ದಾಗ, ಅಂದರೆ ದೀಕ್ಷೆಗೆ ಎಷ್ಟೋ ವರ್ಷ ಮೊದಲು, ಅವರು ಶಿಖರಜಿಯ ಯಾತ್ರೆ ಮಾಡಿದ್ದರು. ಏರಲಾರದೆ ಸೋತ ವೃದ್ಧೆಯೊಬ್ಬಳನ್ನು ತಾವೇ ಹೊತ್ತು ವಂದನೆ ಮಾಡಿಸಿದರೆಂದು ಅವರ ಚರಿತ್ರೆ ಹೇಳುತ್ತದೆ. ತುಪ್ಪ ಮತ್ತು ಎಣ್ಣೆಯ ತ್ಯಾಗದ ನಿಯಮವನ್ನೂ ಆ ಯಾತ್ರೆಯಲ್ಲಿಯೇ ಸ್ವೀಕರಿಸಿದರಂತೆ. ಮುಂದೆ 1927ರಲ್ಲಿ ಕುಂಭೋಜದ ಬಾಹುಬಲಿ ಕ್ಷೇತ್ರದಿಂದ ಸಂಘಸಮೇತರಾಗಿ ಹೊರಟು, ನಾಗಪುರದ ಮಾರ್ಗವಾಗಿ ನಡೆದು, 1928ರಲ್ಲಿ ಅದೇ ಗಿರಿಯನ್ನು ಮುನಿಯಾಗಿ ಏರಿದರು. ದಿಗಂಬರ ಮುನಿಗಳ ದರ್ಶನವೇ ದುರ್ಲಭವಾಗಿದ್ದ ಕಾಲವದು. ದಿನಕ್ಕೊಮ್ಮೆ ಆಹಾರ, ನೀರೂ ಅದೇ ವೇಳೆಗೆ. ಹಾಗೆ ನೂರಾರು ಹರದಾರಿ!

2019ರ ಆಗಸ್ಟಿನಲ್ಲಿ ಪರ್ವತದ ಸುತ್ತಲ ಪ್ರದೇಶವನ್ನು ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿದ ಅಧಿಸೂಚನೆಯಲ್ಲಿ ಪ್ರವಾಸೋದ್ಯಮಕ್ಕೂ ಅವಕಾಶವಿತ್ತು. ದೇಶದಾದ್ಯಂತ ಸಮಾಜವು ಪ್ರತಿಭಟಿಸಿದ ಫಲವಾಗಿ 2023ರ ಜನವರಿ 5ರಂದು ಕೇಂದ್ರ ಸರ್ಕಾರವು ಅದಕ್ಕೆ ತಡೆ ನೀಡಿ, ಅಲ್ಲಿ ಮದ್ಯ, ಮಾಂಸ, ಅಬ್ಬರದ ಸಂಗೀತ ಮುಂತಾದವುಗಳನ್ನು ನಿರ್ಬಂಧಿಸಬೇಕೆಂದು ರಾಜ್ಯಕ್ಕೆ ಸೂಚಿಸಿತು. ಸಂತಾಲರಿಗೂ ಇದು ಮರಾಂಗ್ ಬುರು ಎಂಬ ಪೂಜ್ಯ ಪರ್ವತವೆಂಬುದನ್ನು ಯಾತ್ರಿಕರು ಮರೆಯಲಾಗದು. ಸರ್ಕಾರದ ಆದೇಶಕ್ಕಾಗಿ ಮೆರವಣಿಗೆ ಮಾಡಿದವರೇ ನೀರಿನ ಪ್ಲಾಸ್ಟಿಕ್ ಬಾಟಲಿಯನ್ನು ದಾರಿಯ ಪೊದೆಗೆಸೆದರೆ ಹೇಳುವುದೇನು?

ಇಳಿಯುವಾಗ ಮೊಣಕಾಲುಗಳಿಗೆ ಶ್ರಮ ಹೆಚ್ಚು, ಕೋಲೊಂದು ಕೈಯಲ್ಲಿರಲಿ. ಗಂಧರ್ವನಾಲಾದ ಬಳಿ ವಂದನೆ ಮುಗಿಸಿ ಬಂದವರಿಗೆ ಉಪಾಹಾರದ ಏರ್ಪಾಡಿದೆ. ಅಲ್ಲಿಂದ ಮಧುಬನದ ಧರ್ಮಶಾಲೆಗಳು ಹೆಚ್ಚು ದೂರವಿಲ್ಲ.