ಗೋಡೆಯ ಮೇಲಿನ ಗೆರೆ

ಅಮೆರಿಕದ ದಕ್ಷಿಣ ಕರಾವಳಿಯಲ್ಲಿ ಮಿಸಿಸಿಪ್ಪಿ ಎಂಬ ರಾಜ್ಯವಿದೆ. 2005ನೇ ಇಸವಿ ಆಗಸ್ಟ್ 29ರಂದು ಅಲ್ಲಿಗೆ ಕತ್ರಿನಾ ಎಂಬ ಚಂಡಮಾರುತ ಬಡಿಯಿತು. ನಾವು ಸೈಕ್ಲೋನ್ ಅನ್ನುವುದನ್ನೇ ಅಲ್ಲಿಯ ಜನ ಹರಿಕೇನ್ ಅಂತಾರೆ.

ಗಾಳಿ ಬೀಸಿತು, ಮಳೆ ಸುರಿಯಿತು. ಆದರೆ ಆ ದಡದ ಊರುಗಳನ್ನು ಅಳಿಸಿದ್ದು ಕಡಲಿನ ನೀರು. ಬಿರುಗಾಳಿ ನೀರನ್ನು ದಡಕ್ಕೆ ತಳ್ಳುತ್ತದೆ. ದಡದ ಹತ್ತಿರ ಕಡಲಿಗೆ ಆಳ ಕಡಿಮೆ ಇದ್ದರೆ ನೀರು ಮೇಲೇರಿ ಊರಿಗೆ ನುಗ್ಗುತ್ತದೆ. ಇದು ಬರಿಯ ಅಲೆಯಲ್ಲ. ಕಡಲಿನ ಮಟ್ಟವೇ ಏರುತ್ತದೆ. ಅದರ ಮೇಲೆ ಅಲೆಗಳು ಬೇರೆ!

ಎಷ್ಟು ಏರಿತು? ನೀರಿನ ಮಟ್ಟ ಅಳೆಯುವ ಯಂತ್ರಗಳು ದಡದಲ್ಲಿ ಇದ್ದವು. ಅನೇಕ ಯಂತ್ರಗಳು ಅಂದೇ ಕೆಟ್ಟವು. ಮನುಷ್ಯರು ಕೋಲು ಹಿಡಿದು ನಿಲ್ಲೋಕೆ ಆಗುತ್ತದೆಯೆ?

ನೀರು ಇಳಿದ ಮೇಲೆ ಅಳೆಯುವವರು ಊರೂರು ಸುತ್ತಿದರು. ಏನು ಹುಡುಕಿದರು ಗೊತ್ತೆ? ಗೋಡೆಯ ಮೇಲಿನ ಕೆಸರಿನ ಗೆರೆ! ಅದರಲ್ಲೂ ಮನೆಯ ಒಳಗಿನ ಗೆರೆ. ಹೊರಗೋಡೆಗೆ ಅಲೆ ಹೊಡೆದು ಗೆರೆ ಮೇಲೆ ಹೋಗಿರುತ್ತದೆ. ಒಳಗೆ ನೀರು ಅಷ್ಟು ಕುಲುಕುವುದಿಲ್ಲ. ಅದಕ್ಕೇ ಅಡುಗೆಮನೆಯ ಗೆರೆಯನ್ನು ಹೆಚ್ಚು ನಂಬಬಹುದು. ಮನೆಯೇ ಕೊಚ್ಚಿಹೋದ ಕಡೆ ಗೆರೆಯೂ ಇಲ್ಲ. ಪಾಸ್ ಕ್ರಿಶ್ಚಿಯನ್ ಎಂಬ ಊರಿನಲ್ಲಿ ಸಿಕ್ಕ ಗುರುತು ಸಮುದ್ರಮಟ್ಟದಿಂದ ಸುಮಾರು 28 ಅಡಿ ಎತ್ತರ. ಅಂದರೆ ಐದು ಆಳು ಎತ್ತರ!

ಗೆರೆ ಎತ್ತರ ಹೇಳುತ್ತದೆ, ಹೊತ್ತು ಹೇಳುವುದಿಲ್ಲ. ನೀರು ಎಷ್ಟು ಗಂಟೆಗೆ ಬಂತು? ರಸ್ತೆ ಯಾವಾಗ ಮುಳುಗಿತು? ಮುಂದಿನ ಸಲ ಜನರನ್ನು ಬೇಗ ಸಾಗಿಸಬೇಕಾದರೆ ಇದೂ ಗೊತ್ತಿರಬೇಕು.

ಮರುತಿಂಗಳೇ ರೀಟಾ ಎಂಬ ಇನ್ನೊಂದು ಚಂಡಮಾರುತ ಲೂಸಿಯಾನಾ ರಾಜ್ಯದ ಕಡೆ ಬಂತು. ಈ ಸಲ ಭೂವಿಜ್ಞಾನ ಇಲಾಖೆಯವರು ಮುಂಚೆಯೇ ಹೋದರು. ಕಂಬಗಳಿಗೆ, ಸೇತುವೆಗಳಿಗೆ ಲೋಹದ ಕೊಳವೆ ಬಿಗಿದರು. ಒಳಗೆ ಸಣ್ಣ ಯಂತ್ರ. ಅದು ನೀರಿನ ಒತ್ತಡವನ್ನು ಹೊತ್ತಿನ ಸಮೇತ ದಾಖಲು ಮಾಡುತ್ತದೆ. ಬಾವಿಯಲ್ಲಿ ಆಳಕ್ಕೆ ಮುಳುಗಿದರೆ ಕಿವಿ ಒತ್ತಿದ ಹಾಗೆ ಆಗುವುದಿಲ್ಲವೆ? ಅದೇ ಒತ್ತಡ. ನೀರು ಏರಿದಷ್ಟೂ ಅದು ಹೆಚ್ಚು. ಗಾಳಿಯೂ ನೀರನ್ನು ಒತ್ತುತ್ತದೆ. ಆ ಪಾಲನ್ನು ಬೇರೆ ಯಂತ್ರದಿಂದ ಅಳೆದು ಕಳೆಯುತ್ತಾರೆ. ಬಿರುಗಾಳಿ ನಿಂತ ಮೇಲೆ ಕೊಳವೆ ಬಿಚ್ಚಿ ತಂದರೆ ಆಯ್ತು. ನೀರು ಏರಿದ್ದು, ಇಳಿದದ್ದು ಎಲ್ಲಾ ಅದರಲ್ಲಿರುತ್ತದೆ.

ಈಗ ನೀವೊಂದು ಲೆಕ್ಕ ಮಾಡಿ. ಕಡಲ ದಡದ ಒಂದು ಮನೆ. ಅದರ ನೆಲ ಸಮುದ್ರಮಟ್ಟಕ್ಕಿಂತ 6 ಅಡಿ ಎತ್ತರ. ಒಳಗೋಡೆಯ ಗೆರೆ ನೆಲದಿಂದ 4 ಅಡಿ. ಕಡಲು ಎಷ್ಟು ಅಡಿ ಏರಿತ್ತು? ಪಕ್ಕದ ಮನೆಯ ನೆಲ 11 ಅಡಿ ಎತ್ತರದಲ್ಲಿದೆ. ಅದರೊಳಗೆ ನೀರು ನಿಂತಿತ್ತೆ?